ಮೇಲಿನ ಕುರ್ಚಿಗೆ ಮಹಿಳಾ ಕೋಟಾ ಬೇಕಾ? ಪರ – ವಿರೋಧ

ಲ್ಯಾಬು, ಯುನಿವರ್ಸಿಟಿ, ಟೆಕ್ ಕಂಪನಿ ಎಲ್ಲಿ ನೋಡಿದ್ರೂ ಕೆಳಗಿನ ಸಾಲಲ್ಲಿ ಹೆಣ್ಮಕ್ಕಳು ಕಾಣ್ತಾರೆ, ಮೇಲೆ ಹೋದಂಗೆಲ್ಲಾ ಕಮ್ಮಿ ಆಗ್ತಾರೆ. ಹಂಗಾದ್ರೆ ಪ್ರೊಫೆಸರ್, ಡೈರೆಕ್ಟರ್, ಪ್ರಿನ್ಸಿಪಲ್ ಇಂಜಿನಿಯರ್ ಥರದ ಹುದ್ದೆಗಳಲ್ಲಿ ಇಷ್ಟು ಅವರಿಗೆ ಅಂತ ಎತ್ತಿಡಬೇಕಾ? ಇಬ್ಬರನ್ನ ಕೇಳಿದ್ವಿ.

ಪರ: ನಿವೃತ್ತ ಇಂಜಿನಿಯರಿಂಗ್ ಕಾಲೇಜ್ ಮೇಷ್ಟ್ರು, ಹಾಸನ

ಪರವಾಗಿ ಬರೀರಿ ಸಾರ್ ಅಂದ್ರು, ಬರೀತಿದ್ದೀನಿ. ವಿರೋಧ ಬರೀರಿ ಅಂದಿದ್ರೂ ಬರೀತಿದ್ದೆ, ಅದಕ್ಕೂ ನನ್ನ ಹತ್ರ ನಾಲ್ಕು ಪಾಯಿಂಟ್ ಇದೆ, ವರ್ಷಗಟ್ಟಲೆ ಪಾಠ ಮಾಡಿದೋನಿಗೆ ಎರಡೂ ಕಡೆ ಮಾತಾಡೋ ಚಟ ಹತ್ತಿರುತ್ತೆ. ಆದ್ರೆ ಪರ ಪಕ್ಷದ ಕೈಲಿ ಒಂದು ಪ್ರಶ್ನೆ ಇದೆ, ಅದಕ್ಕೆ ಇನ್ನೊಂದು ಕಡೆಯವರು ಉತ್ತರ ಕೊಟ್ಟಿದ್ದನ್ನ ನಾನು ಕೇಳಿಲ್ಲ. ಕೋಟಾ ಯಾಕೆ, ಮೆರಿಟ್ ನೋಡಿ ಕೊಡಿ ಅಂತಾರಲ್ಲ, ಆಯ್ತು, ಮೆರಿಟ್ ನೋಡೋದು ಯಾರು?

1933ರಲ್ಲಿ ಕಮಲಾ ಭಾಗವತ್ ಅನ್ನೋ ಹುಡುಗಿ ಬಾಂಬೆಯಿಂದ ನಮ್ಮ ಟಾಟಾ ಇನ್ಸ್ಟಿಟ್ಯೂಟಿಗೆ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ್ರು. ಅವರ ಅಪ್ಪ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದ್ದ ಕೆಮಿಸ್ಟ್‌ಗಳು. ಡೈರೆಕ್ಟರ್ ಆಗಿದ್ದ ಸರ್ ಸಿ.ವಿ. ರಾಮನ್ ಹುಡುಗಿ ಅನ್ನೋ ಒಂದೇ ಕಾರಣಕ್ಕೆ ಆಗಲ್ಲ ಅಂದ್ರು. ಈಕೆ ಬಿಡಲಿಲ್ಲ, ಅವರ ಆಫೀಸ್ ಮುಂದೆ ಸತ್ಯಾಗ್ರಹ ಕೂತ್ರು. ಕೊನೆಗೆ ಸೇರಿಸ್ಕೊಂಡ್ರು, ಅದೂ ಹೆಂಗೆ, ಒಂದು ವರ್ಷ ಪ್ರೊಬೇಷನ್ ಮೇಲೆ, ಕೆಲಸ ಡೈರೆಕ್ಟರಿಗೆ ಒಪ್ಪಿಗೆ ಆದ್ರೆ ಮಾತ್ರ ಲೆಕ್ಕ, ಲ್ಯಾಬಲ್ಲಿರೋ ಗಂಡು ಹುಡುಗರ ಗಮನ ಕೆಡಿಸಬಾರದು ಅಂತ ಬೇರೆ ಷರತ್ತು. ಅದೇ ಕಮಲಾ ಭಾಗವತ್, ಆಮೇಲೆ ಕಮಲಾ ಸೊಹೊನಿ, 1939ರಲ್ಲಿ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ತಗೊಂಡ್ರು, ಆಲೂಗಡ್ಡೆಯಿಂದ ಶುರು ಮಾಡಿ ಗಿಡಗಳ ಜೀವಕೋಶದಲ್ಲಿ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನ್ ಇದೆ ಅಂತ ತೋರಿಸಿ. ರಾಮನ್ ಅಂಥವರ ಕಣ್ಣಿಗೇ ಆ ಮೆರಿಟ್ ಕಾಣಲಿಲ್ಲ ಅಂದ್ಮೇಲೆ ಇವತ್ತು ನಮ್ಮ ಕಾಲೇಜುಗಳ ಮ್ಯಾನೇಜ್‌ಮೆಂಟ್ ಕಮಿಟಿಗೆ ಕಾಣುತ್ತೆ ಅಂತ ನಂಬೋಕೆ ನನಗೆ ಕಷ್ಟ.

ಕಾಲ ಬದಲಾಗಿದೆ ಅಂತೀರಾ, ಬದಲಾಗಿದೆ. ಎಷ್ಟು ನಿಧಾನ ನೋಡಿ. ದೇಶದ ಎಷ್ಟೋ ಸರ್ಕಾರಿ ಲ್ಯಾಬ್ ನಡೆಸೋ ಸಿಎಸ್‌ಐಆರ್ ಶುರುವಾಗಿದ್ದು 1942ರಲ್ಲಿ, ಅದಕ್ಕೆ ಮೊದಲ ಮಹಿಳಾ ಡೈರೆಕ್ಟರ್ ಜನರಲ್ ಆಗಿ ಎನ್. ಕಲೈಸೆಲ್ವಿ ಬಂದಿದ್ದು 2022ರಲ್ಲಿ. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1935ರದ್ದು, ಚಂದ್ರಿಮಾ ಶಹಾ ಅದರ ಅಧ್ಯಕ್ಷೆ ಆಗಿದ್ದು 2020ರಲ್ಲಿ. ಇಸ್ರೋದಲ್ಲಿ ಚಂದ್ರಯಾನ-2ಕ್ಕೆ ಎಂ. ವನಿತಾ ಪ್ರಾಜೆಕ್ಟ್ ಡೈರೆಕ್ಟರ್, ರಿತು ಕರಿಧಾಲ್ ಮಿಷನ್ ಡೈರೆಕ್ಟರ್, ಆದಿತ್ಯ ಎಲ್-1ಕ್ಕೆ ನಿಗಾರ್ ಶಾಜಿ, ಎಲ್ಲಾ ಸರಿ, ಹೆಮ್ಮೆನೇ. ಅಧ್ಯಕ್ಷರ ಪಟ್ಟಿ ತೆಗೆದು ನೋಡಿ, ವಿಕ್ರಂ ಸಾರಾಭಾಯಿಯಿಂದ ವಿ. ನಾರಾಯಣನ್ ತನಕ ಎಲ್ಲಾ ಗಂಡಸರೇ. ದೇಶದಲ್ಲಿ ವಿಜ್ಞಾನ, ಇಂಜಿನಿಯರಿಂಗ್ ಎಲ್ಲಾ ಸೇರಿಸಿ ಡಿಗ್ರಿ ಓದೋರಲ್ಲಿ ಹೆಣ್ಮಕ್ಕಳು ಶೇ. 40ಕ್ಕಿಂತ ಮೇಲಿದ್ದಾರೆ. ಸಂಶೋಧನೆ ಕೆಲಸದಲ್ಲಿ ಇರೋರಲ್ಲಿ ಶೇ. 20 ಕೂಡ ಮುಟ್ಟಿಲ್ಲ. ನಡುವೆ ಎಲ್ಲೋ ಮೆರಿಟ್ ಆವಿ ಆಗೋಯ್ತಾ? ನೋಡೋರು ಸರಿಯಾಗಿ ನೋಡಲಿಲ್ಲ ಅನ್ನೋದೇ ಸುಲಭದ ಉತ್ತರ.

ಇಲ್ಲಿ ನಾನು ಕಣ್ಣಾರೆ ಕಂಡಿದ್ದು ಹೇಳಬೇಕು. ಕಾಲೇಜ್ ಹೆಸರು ಬೇಡ, ಎಲ್ಲಾ ಕಡೆ ಇದೇ ಕಥೆ. ಕಾಲೇಜಿನ ಗುಣಮಟ್ಟ ತಪಾಸಣೆ ಮಾಡೋ ನ್ಯಾಕ್ ಟೀಮ್ ಬರುತ್ತೆ, ಎನ್‌ಬಿಎ ಟೀಮ್ ಬರುತ್ತೆ ಅಂದ್ರೆ ಫೈಲ್ ತುಂಬೋರು ಯಾರು? ಡಿಪಾರ್ಟ್‌ಮೆಂಟಿನ ಮೇಡಂಗಳು. ಕೋರ್ಸ್ ಔಟ್‌ಕಮ್ ಮ್ಯಾಪಿಂಗ್, ಹಳೇ ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಫಾರಂ, ಮೂರು ವರ್ಷದ ಅಟೆಂಡೆನ್ಸ್ ಶೀಟು, ಇದನ್ನೆಲ್ಲಾ ಹಗ್ಗ ಕಟ್ಟಿದ ಬಾಕ್ಸ್ ಫೈಲಿಗೆ ಹಾಕಿ ಬೆನ್ನಿಗೆ ಚೀಟಿ ಅಂಟಿಸಿ ಜೋಡಿಸೋದು ಅವರು. ಕೋಆರ್ಡಿನೇಟರ್ ಅಂತ ಹೆಸರು ಹಾಕ್ಕೊಂಡು ಟೀಮಿಗೆ ಶಾಲು ಹೊದಿಸೋದು ಇನ್ಯಾರೋ ಸರ್. ಹಾಸ್ಟೆಲ್ ವಾರ್ಡನ್, ಸ್ಕ್ವಾಡ್, ಪ್ಲೇಸ್‌ಮೆಂಟ್ ಟೂರು, ಇದ್ಯಾವುದೂ ಮೇಡಂಗಳಿಗೆ ಕೊಡಲ್ಲ, ಪಾಪ ಲೇಟಾಗುತ್ತೆ ಅಂತ. ಆಮೇಲೆ ಪ್ರೊಫೆಸರ್ ಪ್ರಮೋಷನ್ ಇಂಟರ್‌ವ್ಯೂ ಬಂತು. ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಪಾಠ ಮಾಡೋ ಒಬ್ಬರು ಮೇಡಂ, ಒಳ್ಳೊಳ್ಳೆ ಜರ್ನಲ್‌ನಲ್ಲಿ ಪೇಪರ್ ಇರೋರು, ಅವರೆದುರು ಇನ್ನೊಬ್ಬರು, ಪೇಪರ್ ಕಮ್ಮಿ, ಓಡಾಟ ಜಾಸ್ತಿ. ಟೇಬಲ್ ಮೇಲೆ ಗೋಡಂಬಿ ಪ್ಲೇಟು, ಆಚೆಯಿಂದ ಬಂದ ಎಕ್ಸ್‌ಪರ್ಟ್ ಒಬ್ಬರು ಆ ಮೇಡಂಗೆ ಕೇಳಿದ ಮೊದಲ ಪ್ರಶ್ನೆ ನಿಮ್ಮ ಯಜಮಾನ್ರು ಎಲ್ಲಿ ಕೆಲಸದಲ್ಲಿದ್ದಾರೆ ಅಂತ. ಮಂಗಳೂರು ಅಂದ್ರು. ಓ, ಹಂಗಾದ್ರೆ ನೀವು ಯಾವಾಗ ಬೇಕಾದ್ರೂ ಹೊರಡಬಹುದು ಅಂತ ನಗ್ತಾ ಬರ್ಕೊಂಡ್ರು. ಆಚೆ ಬಂದ ಮೇಲೆ ಮೇಡಂಗೆ ಅಡ್ಮಿನ್ ಎಕ್ಸ್‌ಪೀರಿಯನ್ಸ್ ಇಲ್ಲ, ಆ ಇನ್ನೊಬ್ಬ ಸರ್ ಡೈನಾಮಿಕ್ ಆಗಿದ್ದಾರೆ ಅಂತ ತೀರ್ಮಾನ. ಕೊಡದೇ ಇರೋ ಕೆಲಸದ ಅನುಭವ ಎಲ್ಲಿಂದ ಬರುತ್ತೆ ಸ್ವಾಮಿ? ಆ ಮೇಡಂ ಹೊರಡಲೂ ಇಲ್ಲ, ಅಸೋಸಿಯೇಟ್ ಪ್ರೊಫೆಸರ್ ಆಗೇ ರಿಟೈರ್ ಆದ್ರು, ಡೈನಾಮಿಕ್ ಸರ್ ಎರಡು ವರ್ಷಕ್ಕೆ ಇನ್ನೊಂದು ಕಾಲೇಜಿಗೆ ಪ್ರಿನ್ಸಿಪಾಲ್ ಆಗಿ ಹಾರಿದ್ರು.

ಅದಕ್ಕೇ ಕೇಳೋದು, ಮೆರಿಟ್ ನೋಡೋದು ಯಾರು. ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಸುಮ್ಮನೆ ಬಂದ ಮಾತಲ್ಲ. ಅಮೆರಿಕದ ಎಂಐಟಿಯಲ್ಲೂ ಇದೇ ಆಯ್ತು. ನ್ಯಾನ್ಸಿ ಹಾಪ್ಕಿನ್ಸ್ ಅಂತ ಜೀವವಿಜ್ಞಾನಿ, ಝೀಬ್ರಾ ಮೀನಿನ ತೊಟ್ಟಿ ಇಡೋಕೆ ಒಂಚೂರು ಜಾಗ ಕೇಳಿದ್ರೆ ಕೊಡಲಿಲ್ಲ, ಆಯಮ್ಮ ಟೇಪ್ ತಗೊಂಡು ರಾತ್ರಿ ಹೊತ್ತು ಲ್ಯಾಬ್‌ಗಳನ್ನ ಅಳತೆ ಮಾಡ್ಕೊಂಡು ಬಂದ್ರು, ಗಂಡಸರಿಗಿಂತ ತನಗೆ ಎಷ್ಟು ಕಮ್ಮಿ ಇದೆ ಅಂತ. 1994ರಲ್ಲಿ ಆ ವಿಜ್ಞಾನ ವಿಭಾಗದಲ್ಲಿ ಖಾಯಂ ಪ್ರೊಫೆಸರ್‌ಗಳು 190ಕ್ಕೂ ಹೆಚ್ಚು ಗಂಡಸರು, 15 ಹೆಂಗಸರು. ಆ ಹೆಂಗಸರೆಲ್ಲಾ ಸೇರಿ ಬೆನ್ನು ಹತ್ತಿದ್ಮೇಲೆ 1999ರಲ್ಲಿ ಸಂಸ್ಥೆ ವರದಿ ಹೊರಗಿಟ್ಟು, ಹೌದು ತಾರತಮ್ಯ ಆಗಿದೆ ಅಂತ ಒಪ್ಕೊಳ್ತು. ಅಂಥ ಕಡೆಯೇ ಟೇಪ್ ಹಿಡೀಬೇಕಾಯ್ತು.

ಕೋಟಾ ಬಂದ್ರೆ ಗುಣಮಟ್ಟ ಬೀಳುತ್ತೆ ಅನ್ನೋರಿಗೆ ಐಐಟಿ ತೋರಿಸ್ತೀನಿ. 2018ರಲ್ಲಿ ಹೆಣ್ಮಕ್ಕಳಿಗೆ ಅಂತ ಹೆಚ್ಚುವರಿ ಸೀಟು ಮಾಡಿದ್ರು, ಇದ್ದ ಸೀಟು ಕಿತ್ಕೊಳ್ಳಲಿಲ್ಲ, ಮೇಲೆ ಸೇರಿಸಿದ್ರು. ಮೊದಲ ವರ್ಷ ಶೇ. 14ರ ಗುರಿ, ಆಮೇಲೆ 17, ಆಮೇಲೆ 20. ಆ ಹುಡುಗಿಯರೂ ಜೆಇಇ ಅಡ್ವಾನ್ಸ್ಡ್ ಪಾಸ್ ಮಾಡಿ ಬಂದೋರೇ. ಐಐಟಿ ಕುಸಿದು ಬಿತ್ತಾ? ಮೇಲಿನ ಹುದ್ದೆಗೂ ಹಂಗೇ ಮಾಡಿ, ಇರೋ ಪೋಸ್ಟ್ ಮುಟ್ಟಬೇಡಿ, ಹೆಚ್ಚುವರಿ ಪೋಸ್ಟ್ ಸೃಷ್ಟಿ ಮಾಡಿ. ದುಡ್ಡು ಎಲ್ಲಿಂದ ಅಂತ ಕೇಳಿದ್ರೆ ಅದು ಫೈನಾನ್ಸ್ ಡಿಪಾರ್ಟ್‌ಮೆಂಟ್ ನೋಡ್ಕೊಳ್ಲಿ.

ಪಂಚಾಯ್ತಿ ಉದಾಹರಣೆ ಎಲ್ಲರೂ ಕೊಡ್ತಾರೆ, ನಾನೂ ಕೊಟ್ಬಿಡ್ತೀನಿ. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25 ಇಟ್ಟಿದ್ರು, ದೇಶಕ್ಕೆಲ್ಲಾ ಮೂರನೇ ಒಂದು ಅಂತ ಬಂದಿದ್ದು ಆಮೇಲೆ, ಈಗ ನಮ್ಮಲ್ಲಿ ಅರ್ಧಕ್ಕರ್ಧ. ಮೊದಲ ಸಲ ಗಂಡನೇ ಮೀಟಿಂಗಿಗೆ ಬರ್ತಿದ್ದ, ಬ್ಯಾಗ್ ಅವನ ಕೈಲೇ ಇರ್ತಿತ್ತು. ನಮ್ಮ ಹೆಂಡತಿ ಊರು ಅರಕಲಗೂಡು ಕಡೆ, ಅಲ್ಲಿ ಎರಡನೇ ಸಲ ಗೆದ್ದ ಹೆಂಗಸು ನೀರಿನ ಟ್ಯಾಂಕ್ ಬಿಲ್ ಪಾಸ್ ಮಾಡೋ ಮೊದಲು ಇಂಜಿನಿಯರ್ ಕೈಲಿ ಅಳತೆ ಪುಸ್ತಕ ತರಿಸಿ ಓದ್ತಾರೆ. ಕುರ್ಚಿ ಮೇಲೆ ಕೂತ್ರೇನೇ ಕಲಿಯೋದು. ಇನ್ನು ಕಂಪನಿ ಬೋರ್ಡ್‌ಗಳು, 2013ರ ಕಂಪನಿ ಕಾಯ್ದೆ ಶೇರು ಪೇಟೆಯಲ್ಲಿರೋ ಕಂಪನಿ, ದೊಡ್ಡ ಕಂಪನಿಗಳಲ್ಲಿ ಕನಿಷ್ಠ ಒಬ್ಬ ಮಹಿಳಾ ಡೈರೆಕ್ಟರ್ ಇರಲೇಬೇಕು ಅಂದ ಮೇಲೆ ಅಲ್ಲಿ ತನಕ ಯೋಗ್ಯರೇ ಸಿಕ್ತಿಲ್ಲ ಅಂತಿದ್ದೋರಿಗೆಲ್ಲಾ ದಿಢೀರ್ ಅಂತ ಸಿಕ್ಕಿಬಿಟ್ರು. ಕೆಲವರಿಗೆ ಮನೇಲೇ ಸಿಕ್ರು, ಹೆಂಡತಿ, ಮಗಳು. ಅದಕ್ಕೇ ಶೇರು ಪೇಟೆ ನಿಯಂತ್ರಣ ಮಾಡೋ ಸೆಬಿ ಆಮೇಲೆ ದೊಡ್ಡ ಕಂಪನಿಗಳಿಗೆ ಸ್ವತಂತ್ರ ಮಹಿಳಾ ಡೈರೆಕ್ಟರೇ ಬೇಕು ಅಂತ ಹೇಳಬೇಕಾಯ್ತು. ನಿಯಮಕ್ಕೆ ತೂತು ಇದ್ರೆ ಮುಚ್ಚಬಹುದು, ನಿಯಮನೇ ಇಲ್ಲದಿದ್ರೆ ಮುಚ್ಚೋಕೆ ಏನಿದೆ.

ಕೋಟಾದಲ್ಲಿ ಬಂದೋಳು ಅಂತ ಹಿಂದಿಂದ ಆಡ್ಕೋತಾರೆ ಅನ್ನೋದು ಒಂದು ಆಕ್ಷೇಪಣೆ. ಆಡ್ಕೊಳ್ಲಿ ಬಿಡಿ, ಜನ ಯಾವಾಗ ಆಡ್ಕೊಂಡಿಲ್ಲ. 2020ರ ವಿಜ್ಞಾನ ನೀತಿ ಕರಡಿನಲ್ಲಿ ನಿರ್ಧಾರ ತಗೊಳ್ಳೋ ಸಮಿತಿಗಳಲ್ಲಿ ಕನಿಷ್ಠ ಶೇ. 30 ಮಹಿಳೆಯರು ಇರಬೇಕು ಅಂತ ಬರೆದಿದ್ರು, ಕನಿಷ್ಠ ಅಷ್ಟಾದ್ರೂ ಶುರು ಮಾಡಿ. ನೋಡೋರು ಬದಲಾದ್ರೆ ಕಾಣೋದೂ ಬದಲಾಗುತ್ತೆ. ನನಗೆ ಕೊಟ್ಟ ಜಾಗ ಇಷ್ಟೇ, ಮುಗಿಸ್ತೀನಿ.

ವಿರೋಧ: ಚಿಪ್ ಡಿಸೈನ್ ಕಂಪನಿಯ ಇಂಜಿನಿಯರ್, ಬೆಂಗಳೂರು

ಮೇಷ್ಟ್ರು ಬರೆದಿದ್ದನ್ನ ನನಗೆ ಮೊದಲೇ ಕಳಿಸಿದ್ರು. ಚೆನ್ನಾಗಿ ಬರೆದಿದ್ದಾರೆ, ಆ ಗೋಡಂಬಿ ಪ್ಲೇಟ್ ಇಂಟರ್‌ವ್ಯೂ ಓದಿ ಮೈ ಉರೀತು. ಆದ್ರೂ ಸರ್, ಆಡ್ಕೊಳ್ಲಿ ಬಿಡಿ ಅಂತ ಒಂದೇ ಸಾಲಲ್ಲಿ ದಾಟಿಸಿಬಿಟ್ರಲ್ಲ, ಆಡಿಸ್ಕೊಳ್ಳೋರು ನೀವಲ್ಲ, ನಾವು. ಅದಕ್ಕೆ ನಾನು ಅಲ್ಲಿಂದಲೇ ಶುರು ಮಾಡ್ತೀನಿ.

ನಾನು ಮಾಡೋ ಕೆಲಸ ವೆರಿಫಿಕೇಶನ್. ಚಿಪ್‌ನ ಡಿಸೈನ್ ಟೀಮ್ ಬರೆದ ಕೋಡನ್ನ ಒಡೆಯೋಕೆ ಪ್ರಯತ್ನ ಮಾಡೋದು, ಒಡೆದ್ರೆ ಸಂಬಳ, ಒಡೀಲಿಲ್ಲ ಅಂದ್ರೂ ಸಂಬಳ, ಆದ್ರೆ ಒಡೀದೆ ಬಿಟ್ಟಿದ್ದು ಫ್ಯಾಬ್‌ಗೆ, ಅಂದ್ರೆ ಚಿಪ್ ತಯಾರಿಸೋ ಕಾರ್ಖಾನೆಗೆ, ಹೋಗಿ ಸಿಲಿಕಾನ್ ಆಗಿ ವಾಪಸ್ ಬಂದ ಮೇಲೆ ಒಡೆದ್ರೆ ಕಥೆ ಮುಗೀತು. ಹೋದ ಸಲ ಟೇಪ್‌ಔಟ್‌ಗೆ, ಅಂದ್ರೆ ಡಿಸೈನನ್ನ ಫ್ಯಾಬ್‌ಗೆ ಕಳಿಸೋದಕ್ಕೆ, ಮುಂಚೆ ರಾತ್ರಿ ಎಲ್ಲಾ ಟೆಸ್ಟ್ ಒಟ್ಟಿಗೆ ಓಡಿಸೋ ರಿಗ್ರೆಷನ್‌ನಲ್ಲಿ ಸಾವಿರಾರು ಟೆಸ್ಟಲ್ಲಿ ಒಂದೇ ಒಂದು ಫೇಲ್ ಆಗಿತ್ತು, ಅದೂ ಒಂದೇ ಸೀಡ್‌ಗೆ, ಅಂದ್ರೆ ಟೆಸ್ಟಿನ ಇನ್‌ಪುಟ್ ಬದಲಾಯಿಸೋ ಒಂದೇ ಒಂದು ನಂಬರಿಗೆ. ಟೈಮ್‌ಔಟ್. ಎಲ್ಲರೂ ಡಿಸೈನ್ ಸರಿ ಇದೆ, ಟೆಸ್ಟ್ ಮಾಡೋ ಕೋಡಿನ, ಅಂದ್ರೆ ಟೆಸ್ಟ್‌ಬೆಂಚ್ ಪ್ರಾಬ್ಲಂ, ವೇವ್ ಮಾಡಿ ಅಂದ್ರು, ಅಂದ್ರೆ ಬಿಟ್ಟಾಕಿ ಅಂತ. ನಾನು ಸಿಗ್ನಲ್‌ಗಳ ವೇವ್‌ಫಾರಂ, ಅಂದ್ರೆ ಗ್ರಾಫ್, ತೆಗೆದು ಕೂತೆ. ಎರಡು ಬ್ಲಾಕ್ ಒಂದಕ್ಕೊಂದು ಕಾಯ್ತಾ ಕೂತಿದ್ವು, ಎರಡರ ಫಿಫೋನೂ, ಅಂದ್ರೆ ಡೇಟಾ ಸಾಲಾಗಿ ಕಾಯೋ ಜಾಗನೂ, ಒಂದೇ ಸೈಕಲ್‌ನಲ್ಲಿ ತುಂಬಿದ್ರೆ ಮಾತ್ರ, ನೀನು ಖಾಲಿ ಮಾಡು ಆಮೇಲೆ ನಾನು ಮಾಡ್ತೀನಿ ಅಂತ ಎರಡೂ ಹಠ ಹಿಡಿಯೋದು. ಡೆಡ್‌ಲಾಕ್. ಅದು ಸಿಲಿಕಾನ್‌ಗೆ ಹೋಗಿದ್ರೆ ಚಿಪ್ ಅಚ್ಚು ಹಾಕೋ ಮಾಸ್ಕ್ ಸೆಟ್ ಹೊಸದಾಗಿ ಮಾಡಿಸಬೇಕು, ತಿಂಗಳುಗಟ್ಟಲೆ ಲೇಟು, ಕೋಟಿಗಟ್ಟಲೆ ದುಡ್ಡು. ಡಿಸೈನ್ ಲೀಡ್ ಬಂದು ಕೈ ಮುಗಿದು ಹೋದ.

ಆ ವರ್ಷ ನನಗೆ ಪ್ರಮೋಷನ್ ಆಯ್ತು. ಅದೇ ವರ್ಷ ಕಂಪನಿ ಸೀನಿಯರ್ ಲೆವೆಲ್‌ನಲ್ಲಿ ಹೆಂಗಸರ ಸಂಖ್ಯೆ ಜಾಸ್ತಿ ಮಾಡ್ತೀವಿ ಅಂತ ಟಾರ್ಗೆಟ್ ಇಟ್ಟು, ಟೌನ್‌ಹಾಲಲ್ಲಿ ಸ್ಲೈಡ್ ಬೇರೆ ತೋರಿಸಿತ್ತು. ಮೇಲ್ ಬಂದ ಅರ್ಧ ಗಂಟೆಗೆ ಕಾಫಿ ಮಷೀನ್ ಹತ್ರ ಒಬ್ಬ ಸಹೋದ್ಯೋಗಿ, ಒಳ್ಳೆಯವನೇ, ನನ್ನ ಮಗನ ಬರ್ತ್‌ಡೇಗೆ ಬಂದು ಕೇಕ್ ತಿಂದು ಹೋದವನೇ, ಕಂಗ್ರಾಟ್ಸ್, ಈ ಸಲ ನಿಮ್ಮದು ಪಕ್ಕಾ ಅಂತ ಗೊತ್ತಿತ್ತು, ಡೈವರ್ಸಿಟಿ ಟಾರ್ಗೆಟ್ ಇತ್ತಲ್ಲ ಅಂದ. ಕೆಟ್ಟದಾಗಿ ಹೇಳಲಿಲ್ಲ ಅವನು, ಹವಾಮಾನ ಹೇಳಿದಂಗೆ ಹೇಳಿದ, ಅದೇ ಇನ್ನೂ ಕೆಟ್ಟದ್ದು. ಆ ಫಿಫೋ ಎಲ್ಲಿ ಹೋಯ್ತು? ನಾನು ಅಲ್ಲಿ ನಿಂತ್ಕೊಂಡು ಇಲ್ಲಪ್ಪ ನಾನು ಡೆಡ್‌ಲಾಕ್ ಹಿಡಿದಿದ್ದೆ ಅಂತ ವಾದ ಮಾಡೋಕೆ ಆಗುತ್ತಾ? ಮಾಡಿದ್ರೆ ಸೆನ್ಸಿಟಿವ್ ಅಂತಾರೆ. ಈಗಲೂ ರಿವ್ಯೂ ಮೀಟಿಂಗಲ್ಲಿ ನಾನು ಏನಾದ್ರೂ ತಪ್ಪು ಹೇಳಿದ್ರೆ ಆ ಮೌನ ಒಂಥರಾ ಇರುತ್ತೆ, ಗಂಡಸರು ತಪ್ಪು ಹೇಳಿದಾಗ ಆ ಥರ ಇರಲ್ಲ. ಇದು ಬರೀ ಟಾರ್ಗೆಟ್, ಬಾಯಿಮಾತಿನ ಟಾರ್ಗೆಟ್. ಕಾನೂನು ಮಾಡಿ ಕೋಟಾ ಅಂತ ಹಣೆ ಮೇಲೆ ಬರೆದುಬಿಟ್ರೆ ಕೆಲಸ ಮಾಡಿ ಮೇಲೆ ಬಂದ ಪ್ರತಿಯೊಬ್ಬಳಿಗೂ ರಿಟೈರ್ ಆಗೋ ತನಕ ಇದೇ ಸರ್ಟಿಫಿಕೇಟ್.

ಅಣ್ಣಾ ಮಾಣಿ ಹವಾಮಾನ ಇಲಾಖೆಯಲ್ಲಿ ಡೆಪ್ಯುಟಿ ಡೈರೆಕ್ಟರ್ ಜನರಲ್ ಆಗಿ 1976ರಲ್ಲಿ ರಿಟೈರ್ ಆದ್ರು. ನಮ್ಮ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಹೇಳೋ ರಾಜೇಶ್ವರಿ ಚಟರ್ಜಿ 1953ರಲ್ಲಿ ಮಿಷಿಗನ್‌ನಿಂದ ಪಿಎಚ್‌ಡಿ ತಗೊಂಡು ಬಂದು ಅದೇ ಟಾಟಾ ಇನ್ಸ್ಟಿಟ್ಯೂಟಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗದ ಮುಖ್ಯಸ್ಥೆ ಆದ್ರು. ಅಗ್ನಿ-4, ಅಗ್ನಿ-5 ಕ್ಷಿಪಣಿಗೆ ಪ್ರಾಜೆಕ್ಟ್ ಡೈರೆಕ್ಟರ್ ಟೆಸ್ಸಿ ಥಾಮಸ್. ಇವರೆಲ್ಲಾ ಯಾವ ಕೋಟಾ? ಇವರ ಬಗ್ಗೆ ಯಾರಾದ್ರೂ ಕಾಫಿ ಮಷೀನ್ ಹತ್ರ ಆ ಮಾತು ಆಡೋಕೆ ಆಗುತ್ತಾ?

ಮೇಷ್ಟ್ರ ಲೆಕ್ಕದಲ್ಲಿ ಹೆಂಗಸರೆಲ್ಲಾ ಇಂಟರ್‌ವ್ಯೂ ರೂಮಿನ ಬಾಗಿಲ ಹೊರಗೆ ಫೈಲ್ ಹಿಡ್ಕೊಂಡು ಸಾಲಾಗಿ ನಿಂತಿದ್ದಾರೆ, ಒಳಗಿರೋ ಮೀಸೆ ಮಾವಂದಿರು ಬಿಡ್ತಿಲ್ಲ, ಕೋಟಾ ತಂದು ಬಾಗಿಲು ಒದ್ದರೆ ಎಲ್ಲಾ ಒಳಗೆ. ಹಂಗೆ ಇಲ್ಲ ಸರ್. ಆ ಬಾಗಿಲ ತನಕ ಬರೋರೇ ಇಲ್ಲ. ನನ್ನ ಜೊತೆ ಸೇರಿದ ಬ್ಯಾಚಲ್ಲಿ ಹುಡುಗಿಯರು ಹೆಚ್ಚೂಕಮ್ಮಿ ಅರ್ಧ ಇದ್ವಿ, ಟ್ರೈನಿಂಗ್ ರೂಮಲ್ಲಿ ಎಸಿ ಕಮ್ಮಿ ಮಾಡಿ ಅಂತ ಹುಡುಗರ ಜೊತೆ ಜಗಳ ಆಡೋ ಅಷ್ಟು ಮೆಜಾರಿಟಿ. ಇವತ್ತು ನನ್ನ ಲೆವೆಲ್‌ಗೆ ಅರ್ಜಿ ಹಾಕೋ ಅರ್ಹತೆ ಇರೋರೇ ಬೆರಳೆಣಿಕೆ. ನಡುವೆ ಏನಾಯ್ತು ಅಂತ ಕೇಳಿ, ಯಾರೂ ರಿಜೆಕ್ಟ್ ಮಾಡಲಿಲ್ಲ, ಅವರೇ ಹೋದ್ರು, ಅಂದ್ರೆ ಹೋಗೋ ಹಂಗೆ ಮಾಡಿದ್ರು. ಬ್ಯಾಚಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು, ನಾವೆಲ್ಲಾ ಅವಳ ಹತ್ರ ಡೌಟ್ ಕೇಳ್ತಿದ್ವಿ, ಈಗ ವಿಜಯನಗರದ ಮನೇಲಿ ಮಕ್ಕಳಿಗೆ ಅಬ್ಯಾಕಸ್ ಹೇಳಿಕೊಡ್ತಾಳೆ. ಖುಷಿಯಾಗಿದ್ದೀನಿ ಅಂತಾಳೆ, ಇರಬಹುದು, ಆದ್ರೆ ಹೊಸ ಪ್ರೊಸೆಸರ್ ಬಂದ್ರೆ ಅದರ ಪೈಪ್‌ಲೈನ್ ಹೆಂಗಿದೆ ಅಂತ ನನಗೆ ಮೊದಲು ಮೆಸೇಜ್ ಮಾಡೋದು ಅವಳೇ.

ಯಾಕೆ ಹೋದ್ಲು ಅಂದ್ರೆ ಲೆಕ್ಕ ಸಿಂಪಲ್. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರ ಆಯ್ತು, ಒಳ್ಳೇದು, ಚಪ್ಪಾಳೆ. ನಮ್ಮಂಥ ಸಂಬಳದೋರ ವಿಷ್ಯದಲ್ಲಿ ಅದರ ಪೂರ್ತಿ ಖರ್ಚು ಕಂಪನಿ ತಲೆ ಮೇಲೆ, ಸರ್ಕಾರದ್ದು ಏನೂ ಇಲ್ಲ. ಕಂಪನಿ ರಜೆ ಕೊಡುತ್ತೆ, ಲೆಕ್ಕ ಬೇರೆ ಕಡೆ ತೀರಿಸ್ಕೊಳ್ಳುತ್ತೆ. ಅಪ್ರೈಸಲ್ ವರ್ಷದಲ್ಲಿ ಆರು ತಿಂಗಳು ಇಲ್ಲ ಅಂದ್ರೆ ರೇಟಿಂಗ್ ನಡುವಿನ ಡಬ್ಬಕ್ಕೆ, ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್. ಎಲ್ಲರ ರೇಟಿಂಗ್ ಹೋಲಿಸೋ ಕ್ಯಾಲಿಬ್ರೇಷನ್ ಮೀಟಿಂಗಲ್ಲಿ ಮ್ಯಾನೇಜರ್ ಜಗಳ ಆಡಬೇಕು, ರಜೆ ಮೇಲಿರೋಳಿಗೋಸ್ಕರ ಯಾರು ಜಗಳ ಆಡ್ತಾರೆ, ಇರೋರಿಗೇ ಬೋನಸ್ ಸಾಲಲ್ಲ. ಎರಡು ಮಗು ಅಂದ್ರೆ ಎರಡು ಅಪ್ರೈಸಲ್ ಹೋಯ್ತು, ಪ್ರಮೋಷನ್‌ಗೆ ಸತತವಾಗಿ ಒಳ್ಳೇ ರೇಟಿಂಗ್ ಬೇಕು ಅಂತ ಅಲಿಖಿತ ನಿಯಮ, ಅಲ್ಲಿಗೆ ನಾಲ್ಕೈದು ವರ್ಷ ಹಿಂದೆ ಬಿದ್ದಂಗೆ. ಆ ಹೊತ್ತಿಗೆ ಜೊತೆಗಿದ್ದ ಹುಡುಗ ಬಾಸ್ ಆಗಿರ್ತಾನೆ.

50 ಜನ ಇಲ್ಲಾ ಅದಕ್ಕಿಂತ ಹೆಚ್ಚು ಇದ್ರೆ ಕ್ರೆಷ್, ಅಂದ್ರೆ ಮಕ್ಕಳನ್ನ ನೋಡ್ಕೊಳ್ಳೋ ಜಾಗ, ಇರಬೇಕು ಅಂತಲೂ ಅದೇ 2017ರ ತಿದ್ದುಪಡಿ ಹೇಳಿತು. ನಾನು ಮುಂಚೆ ಇದ್ದ ಕಡೆ ಕ್ರೆಷ್ ಅಂದ್ರೆ ಒಂದು ಡೇಕೇರ್ ಚೈನ್ ಜೊತೆ ಟೈ-ಅಪ್, ಆಫೀಸ್ ಬೆಳ್ಳಂದೂರಲ್ಲಿ, ಡೇಕೇರ್ ಔಟರ್ ರಿಂಗ್ ರೋಡ್ ಆಚೆ ಬದಿ. ಔಟರ್ ರಿಂಗ್ ರೋಡ್ ಗೊತ್ತಿರೋರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮಧ್ಯಾಹ್ನ ಮಗುಗೆ ಜ್ವರ ಅಂತ ಫೋನ್ ಬಂದ್ರೆ ಯೂ-ಟರ್ನ್ ಮಾಡಿ ಹೋಗಿ ಬರೋಷ್ಟರಲ್ಲಿ ಸಂಜೆ. ರಾತ್ರಿ ಒಂಬತ್ತೂವರೆಗೆ ಅಮೆರಿಕದ ಕಾಲ್, ನಿರ್ಧಾರ ಎಲ್ಲಾ ಆಗೋದು ಆ ಕಾಲಲ್ಲೇ. ಮಗು ಮಲಗಿಸೋ ಹೊತ್ತು. ನಮ್ಮತ್ತೆ ಕೋಲಾರದಿಂದ ಬಂದು ನಮ್ಮ ಜೊತೆನೇ ಇದ್ದು ಅವನನ್ನ ನೋಡ್ಕೊಂಡ್ರು, ಮೊಸರನ್ನ ತಿನ್ನಿಸಿ ತೊಡೆ ಮೇಲೆ ಮಲಗಿಸ್ಕೊಂಡು ಕೈ ಸನ್ನೆ ಮಾಡೋರು, ಹೋಗು ನಿನ್ನ ಮೀಟಿಂಗಿಗೆ ಅಂತ. ನಾನು ಇವತ್ತು ಈ ಹುದ್ದೆಯಲ್ಲಿ ಇರೋದಕ್ಕೆ ಕಂಪನಿಯ ವುಮೆನ್ ಲೀಡರ್‌ಶಿಪ್ ಪ್ರೋಗ್ರಾಂ ಕಾರಣ ಅಲ್ಲ, ನಮ್ಮತ್ತೆ ಕಾರಣ. ಅತ್ತೆ ಇಲ್ಲದೋರು ಅಬ್ಯಾಕಸ್. ಇಷ್ಟೇ ವ್ಯತ್ಯಾಸ, ಮೆರಿಟ್ಟೂ ಇಲ್ಲ ಏನೂ ಇಲ್ಲ.

ಇಸ್ರೋ ವಿಷ್ಯ ಮೇಷ್ಟ್ರು ತಂದ್ರಲ್ಲ, ಅದನ್ನ ನಾನೂ ತಗೋತೀನಿ. 2014ರಲ್ಲಿ ಮಂಗಳಯಾನ ಕಕ್ಷೆ ಸೇರಿದಾಗ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದ ಹೆಂಗಸರು ನಗ್ತಿರೋ ಆ ಫೋಟೋ ಪ್ರಪಂಚ ಸುತ್ತಿತು. ಫೋಟೋದಲ್ಲಿದ್ದೋರು ಆಡಳಿತ ಸಿಬ್ಬಂದಿ ಅಂತ ಇಸ್ರೋ ಆಮೇಲೆ ಹೇಳ್ತು, ಆದ್ರೆ ಆ ಮಿಷನ್‌ನಲ್ಲಿ ಮಹಿಳಾ ವಿಜ್ಞಾನಿಗಳೂ ಇದ್ರು. ಅವರೆಲ್ಲಾ ಅಲ್ಲಿ ತನಕ ಹೆಂಗೆ ಬಂದ್ರು? ಕೋಟಾದಿಂದ ಅಲ್ಲ. ಬೆಳಿಗ್ಗೆ ಏರಿಯಾಗೆ ಬರೋ ಆಫೀಸ್ ಬಸ್ಸು, ಕ್ಯಾಂಟೀನು, ಕ್ವಾರ್ಟರ್ಸು. ಎಲ್ಲಕ್ಕಿಂತ ಮುಖ್ಯ, ಕೇಂದ್ರ ಸರ್ಕಾರಿ ಹೆಂಗಸರಿಗೆ 2008ರಿಂದ ಚೈಲ್ಡ್ ಕೇರ್ ಲೀವ್ ಅಂತ ಇದೆ, ಇಡೀ ಸರ್ವಿಸಲ್ಲಿ 730 ದಿನ, ಮಗ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತಾಗಲೂ ತಗೋಬಹುದು. ರಜೆ ಹಾಕಿದ್ರು ಅಂತ ಕೆಲಸ ಹೋಗಲ್ಲ. ಅದೊಂದು ಪ್ರೈವೇಟಿಗೆ ತನ್ನಿ, ಕೋಟಾ ಬೇಕು ಅಂತ ಕೇಳೋಕೆ ಯಾರೂ ಇರಲ್ಲ. ಅಧ್ಯಕ್ಷರ ಪಟ್ಟಿ ಬಗ್ಗೆ ಕೇಳ್ತೀರಾ, ಬರ್ತಾರೆ ಬಿಡಿ, ಇಷ್ಟು ಜನ ಬಂದೋರು ಅಲ್ಲಿಗೂ ಬರ್ತಾರೆ.

ಮೆರಿಟ್ ನೋಡೋದು ಯಾರು ಅಂತ ಮೇಷ್ಟ್ರು ಪದೇ ಪದೇ ಕೇಳಿದ್ದಾರೆ. ಉತ್ತರ ಇದೆ, ಹೆಸರು ಮುಚ್ಚಿಟ್ಟು ನೋಡಿ. ಹಬಲ್ ಟೆಲಿಸ್ಕೋಪಲ್ಲಿ ಸಮಯ ಸಿಗೋಕೆ ವಿಜ್ಞಾನಿಗಳು ಅರ್ಜಿ ಹಾಕ್ತಾರೆ, ವರ್ಷಾನುಗಟ್ಟಲೆ ಗಂಡಸರ ಅರ್ಜಿ ಪಾಸ್ ಆಗೋ ಪ್ರಮಾಣ ಒಂಚೂರು ಜಾಸ್ತಿ ಇತ್ತು. 2018ರಲ್ಲಿ ಅರ್ಜಿ ಯಾರದ್ದು ಅಂತ ನೋಡೋರಿಗೆ ಗೊತ್ತಾಗದಂಗೆ ಮಾಡಿದ್ರು. ಅದೇ ಸಲ ಮೊದಲ ಬಾರಿಗೆ ಹೆಂಗಸರದ್ದು ಗಂಡಸರಿಗಿಂತ ಸ್ವಲ್ಪ ಮೇಲೆ ಬಂತು. ಕೋಟಾ ಇಲ್ಲ, ಜಗಳ ಇಲ್ಲ, ಯಾರೂ ಯಾರನ್ನೂ ಆಡ್ಕೊಳ್ಳಲಿಲ್ಲ. ಅದೇ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ಯುನಿವರ್ಸಿಟಿ 2019ರಲ್ಲಿ ಮೇಷ್ಟ್ರ ದಾರಿ ಹಿಡೀತು, ಅಧ್ಯಾಪಕ ಹುದ್ದೆಗಳಿಗೆಲ್ಲಾ ಮೊದಲ ಆರು ತಿಂಗಳು ಹೆಂಗಸರು ಮಾತ್ರ ಅರ್ಜಿ ಹಾಕಬೇಕು ಅಂತ. ಮರುವರ್ಷ ಅಲ್ಲಿನ ಮಾನವ ಹಕ್ಕು ಸಂಸ್ಥೆ ಇದು ಅತಿಯಾಯ್ತು, ತಾರತಮ್ಯ ಅಂತ ಹೇಳಿ ನಿಯಮ ತಿದ್ದಬೇಕಾಯ್ತು.

ಪಂಚಾಯ್ತಿಗೂ ಲ್ಯಾಬಿಗೂ ಹೋಲಿಕೆ ಮಾಡೋದು ನನಗೆ ಅರ್ಥ ಆಗಲ್ಲ, ಅಲ್ಲಿ ಐದು ವರ್ಷಕ್ಕೊಮ್ಮೆ ಜನ ತೀರ್ಮಾನ ಮಾಡ್ತಾರೆ, ಇಲ್ಲಿ ಚಿಪ್ ಸರಿ ಇದೆಯಾ ಅಂತ ಓಡಿಸಿ ನೋಡೋ ಸಿಮ್ಯುಲೇಟರ್ ಮಾಡುತ್ತೆ. ಬೋರ್ಡಲ್ಲಿ ಒಬ್ಬ ಮಹಿಳಾ ಡೈರೆಕ್ಟರ್ ಇದ್ದಿದ್ದರಿಂದ ಕೆಳಗೆ ಎಷ್ಟು ಹುಡುಗಿಯರು ಉಳ್ಕೊಂಡ್ರು? ನಾನು ಕಂಡಿಲ್ಲ. ನನ್ನ ಕಂಪನಿಯಲ್ಲೂ ಮಾರ್ಚ್ 8ಕ್ಕೆ ನೇರಳೆ ಬಣ್ಣದ ಕಪ್‌ಕೇಕ್ ಬರುತ್ತೆ, ಡೈರೆಕ್ಟರ್ ಮೇಡಂ ವಿಡಿಯೋ ಪ್ಲೇ ಮಾಡ್ತಾರೆ, ಹುಡುಗಿಯರನ್ನ ರೆಫರ್ ಮಾಡಿದ್ರೆ ರೆಫರಲ್ ಬೋನಸ್ ಡಬಲ್ ಅಂತ ಪೋಸ್ಟರ್ ಅಂಟಿಸ್ತಾರೆ. ತರೋಕೆ ದುಡ್ಡಿದೆ, ಉಳಿಸ್ಕೊಳ್ಳೋಕಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಕೋಟಾ ಅನ್ನೋದು ಆ ಮಲ್ಲಿಗೆಗೆ ಇನ್ನೊಂದು ಮೊಳ ಅಷ್ಟೇ, ಸರ್ಕಾರಕ್ಕೂ ಕಂಪನಿಗೂ ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ, ಎರಡು ಕುರ್ಚಿ ಕೊಟ್ಟು ಫೋಟೋ ತೆಗೆಸಿದ್ರೆ ಕ್ರೆಷ್ ಕಟ್ಟೋದು ತಪ್ಪುತ್ತೆ.

ಸರ್ಕಾರಿ ಲ್ಯಾಬ್‌ಗಳಲ್ಲೂ ಇದೇ. ಸೈಂಟಿಸ್ಟ್ ಪೋಸ್ಟಿಗೆ 28, 32, 35 ಅಂತ ವಯಸ್ಸಿನ ಮಿತಿ ಇಟ್ಟಿರ್ತಾರೆ, ಪಿಎಚ್‌ಡಿ ಮುಗಿಸಿ ಮದುವೆ ಆಗಿ ಮಗು ಆಗೋ ಹೊತ್ತಿಗೆ ಬಾಗಿಲು ಮುಚ್ಚಿರುತ್ತೆ. ಬ್ರೇಕ್ ತಗೊಂಡ ಹೆಂಗಸರಿಗೆ ಅಂತ ವಿಜ್ಞಾನ ಇಲಾಖೆದು 2002ರ ಸುಮಾರಿಗೆ ಶುರುವಾದ ಸ್ಕೀಮ್ ಇತ್ತು, ನನ್ನ ಚಿಕ್ಕಮ್ಮನ ಮಗಳು ಅದರಲ್ಲಿ ಪ್ರಾಜೆಕ್ಟ್ ಮಾಡಿದ್ಲು, ಮೂರು ವರ್ಷ ಚೆನ್ನಾಗಿ ನಡೀತು, ಪೇಪರ್ ಬಂತು, ಮುಗಿದ ಮೇಲೆ ಖಾಯಂ ಕೆಲಸಕ್ಕೆ ಹೋದ್ರೆ ವಯಸ್ಸಾಯ್ತಲ್ಲಮ್ಮ ಅಂದ್ರು. ಮೇಲೆ ಡೈರೆಕ್ಟರ್ ಪೋಸ್ಟಿಗೆ ಕೋಟಾ ಇಟ್ರೆ ಇವಳಿಗೆ ಏನು ಬಂತು? ಆ ವಯಸ್ಸಿನ ಮಿತಿ ತೆಗೆಯೋಕೆ ಒಂದು ಸರ್ಕ್ಯುಲರ್ ಸಾಕು, ಯಾಕೆ ತೆಗೆಯಲ್ಲ ಅಂತ ಯಾರೂ ಕೇಳಲ್ಲ, ಕೋಟಾ ಬಗ್ಗೆ ಮಾತ್ರ ಚರ್ಚೆ ಮೇಲೆ ಚರ್ಚೆ.

ನಮ್ಮ ಟೀಮಲ್ಲಿ ಒಬ್ಬ ಹುಡುಗಿ ಜೂನ್‌ನಿಂದ ಹೆರಿಗೆ ರಜೆ ಮೇಲೆ ಹೋಗ್ತಿದ್ದಾಳೆ. ಕವರೇಜ್ ಕ್ಲೋಷರ್, ಅಂದ್ರೆ ಡಿಸೈನಿನ ಯಾವ ಮೂಲೆಯೂ ಟೆಸ್ಟ್ ಆಗದೆ ಉಳಿದಿಲ್ಲ ಅಂತ ಖಚಿತ ಮಾಡೋದು, ಪೂರ್ತಿ ಅವಳೇ ಮಾಡಿದ್ದು. ಈ ವರ್ಷದ ಅವಳ ರೇಟಿಂಗ್‌ನ ಬರೀ ಕೆಲಸ ಮಾಡಿದ ತಿಂಗಳುಗಳ ಮೇಲೆ ಕೊಡ್ತೀರಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿದ್ದೀನಿ. ಪಾಲಿಸಿ ನೋಡಿ ಹೇಳ್ತೀವಿ ಅಂದಿದ್ದಾರೆ.